ಬಂಟಾಮಾ ಮನೆಯ ಸಾಕ್ಷಿ

ನನ್ನ ಗಂಡನ ಸೋದರಳಿಯ ಅದುಸೆ ಪುಕ್ಕಟೆ ಸಿಕ್ಕಿದ್ದನ್ನು ಯಾವತ್ತೂ ಬೇಡ ಎಂದವನಲ್ಲ. ನಮ್ಮ ಮನೆಗೆ ಕಾಲಿಟ್ಟರೆ ಅವನ ಮೂಗು ಮೊದಲು ಅಡುಗೆಮನೆಯ ಕಡೆ ತಿರುಗುತ್ತಿತ್ತು, ಆಮೇಲೆ ಕಣ್ಣು ಗೋಡೆಗಳ ಅಳತೆ ತೆಗೆಯುತ್ತಿತ್ತು. ಕುಮಾಸಿ ಪಟ್ಟಣದ ನಮ್ಮ ಜನರಲ್ಲಿ ಗಂಡಸು ಸತ್ತರೆ ಅವನ ಆಸ್ತಿ ಹೆಂಡತಿ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಎಂಬುದು ಹಳೆಯ ಕಟ್ಟಳೆ. ಸರ್ಕಾರ ಕಾನೂನು ಬದಲಿಸಿ ಎಷ್ಟೋ ಕಾಲವಾಯಿತು. ಆ ಸುದ್ದಿ ಅದುಸೆಯಂಥವರ ಕಿವಿಗೆ ಮಾತ್ರ ಇನ್ನೂ ಬಿದ್ದಿಲ್ಲ.

ಬಂಟಾಮಾ ಬಡಾವಣೆಯ ನಮ್ಮ ಆ ಮನೆಗೆ ನಾನೂ ಬೆವರು ಸುರಿಸಿದ್ದೇನೆ, ಕೆಜೆಟಿಯಾ ಮಾರುಕಟ್ಟೆಯಲ್ಲಿ ಬಟ್ಟೆ ಮಾರಿ. ಕಾಗದದಲ್ಲಿ ಮಾತ್ರ ಯಜಮಾನರ ಹೆಸರು. ಅವರಿಗೆ ಎದೆನೋವು ಶುರುವಾದ ಮೇಲೆ ನನಗೆ ಒಂದೇ ಭಯ. ಅವರು ಕಣ್ಣು ಮುಚ್ಚಿದರೆ ಅದುಸೆ ನನ್ನನ್ನೂ ಮಗಳು ಪೊಕುವಾಳನ್ನೂ ಬೀದಿಗೆ ತಳ್ಳುತ್ತಾನೆ. ಯಜಮಾನರಿಗೂ ಅದು ಗೊತ್ತಿತ್ತು. ಮನೆಯನ್ನು ಟ್ರಸ್ಟಿಗೆ ಬರೆದು, ನಾನೂ ಮಗಳೂ ಬದುಕಿರುವ ತನಕ ಅಲ್ಲೇ ಇರಬೇಕೆಂದು ಪತ್ರ ಮಾಡಿಸಲು ಹೊರಟರು.

ಪತ್ರ ಬರೆದವನು ರಾಜಧಾನಿ ಅಕ್ರಾದ ಲಾಯರ್ ಒಸಾಫೊ. ಕುಮಾಸಿಗೆ ಬಂದರೆ ಅವನ ಬೂಟಿಗೆ ಧೂಳು ಹತ್ತುತ್ತದಂತೆ. ಅದಕ್ಕೇ ಫೋನಿನ ಪರದೆಯಲ್ಲಿ ಟೈ ಕಟ್ಟಿಕೊಂಡು ಕಾಣಿಸಿಕೊಂಡ.

"ಅಜ್ಜಾರೆ, ಲಿಂಕ್ ಕಳ್ಸಿದೀನಿ. ಅದನ್ನ ಒತ್ತಿ, ಬೆರಳಲ್ಲಿ ಸಹಿ ಗೀಚಿ. ಅಷ್ಟೇ, ಮುಗೀತು."

"ಸಾಕ್ಷಿ ಯಾರಪ್ಪ?" ಎಂದರು ಯಜಮಾನರು.

"ನಮ್ಮ ಗುಮಾಸ್ತ ಇಲ್ಲಿಂದ್ಲೇ ನೋಡ್ತಾನೆ."

"ಬಾಟ್ಲಿ?"

"ಯಾವ ಬಾಟ್ಲಿ?"

ಇವನೂ ನಮ್ಮವನೇ, ಇವನ ಅಜ್ಜಿಮನೆ ಇರುವುದು ಇಲ್ಲಿಂದ ಕೂಗಳತೆಯಲ್ಲಿ. ನಮ್ಮಲ್ಲಿ ಮನೆ ಕೊಟ್ಟೆ ಅಂದರೆ ಸಾಲದು. ಪಡೆದವರು ಹಿರಿಯರ ಮುಂದೆ ಶ್ನಾಪ್ಸ್ ಎಂಬ ಮದ್ಯದ ಬಾಟಲಿ ಇಟ್ಟು ಉಪಕಾರ ಹೇಳಬೇಕು, ಅಲ್ಲಿದ್ದವರೆಲ್ಲ ಒಂದೊಂದು ಗುಟುಕು ಕುಡಿಯಬೇಕು. ಕುಡಿದವನು ಸಾಕ್ಷಿ. ಮುಂದೆಂದೂ ಅವನು ನನಗೆ ಗೊತ್ತಿಲ್ಲ ಅನ್ನುವಂತಿಲ್ಲ. ಲಾಯರ್ ಓದಿದ ದಪ್ಪ ಪುಸ್ತಕಗಳಲ್ಲೂ ಈ ಮಾತಿದೆಯಂತೆ. ಓದುವಾಗ ಎಲ್ಲಿ ಮಲಗಿದ್ದನೋ.

"ಮಾವ, ಒತ್ತಿ ಸುಮ್ನೆ" ಎಂದ ಅದುಸೆ. ಫೋನ್ ಹಿಡಿದುಕೊಳ್ಳಲು ತಾನೇ ಓಡಿಬಂದಿದ್ದ. "ಈ ಕಾಲದಲ್ಲಿ ಹಿರಿಯರು, ಬಾಟ್ಲಿ ಅಂತೆಲ್ಲ ಯಾಕೆ?"

ತನ್ನ ಕೈ ತಪ್ಪಿ ಹೋಗುವ ಮನೆಯ ಪತ್ರಕ್ಕೆ ತಾನೇ ಫೋನ್ ಹಿಡಿಯುವಷ್ಟು ಸಾಧು ಅವನಲ್ಲ. ತುಟಿಯ ಮೂಲೆಯಲ್ಲಿ ನಗು ಇತ್ತು. ಯಜಮಾನರು ಬೆರಳಲ್ಲಿ ಗೀಚಿದರು, ಪರದೆಯ ಮೇಲೆ ಕೋಳಿ ಕೆದರಿದ ಹಾಗೆ ಏನೋ ಮೂಡಿತು. ಅಷ್ಟರಲ್ಲೇ ಸಂಪರ್ಕ ಹೋಗಿ ಲಾಯರ್ ಮಾಯವಾದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದ.

"ಆಯ್ತಮ್ಮ. ಗುಮಾಸ್ತ ಸಾಕ್ಷಿ ಹಾಕ್ಬಿಟ್ಟ."

"ಲೈನೇ ಇರ್ಲಿಲ್ವಲ್ಲಪ್ಪ. ಏನ್ ನೋಡಿ ಹಾಕ್ದ?"

"ಅದೆಲ್ಲ ಬರೀ ಶಾಸ್ತ್ರ ಕಣಮ್ಮ. ನಿಮಗೆ ಅರ್ಥ ಆಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಶಾಸ್ತ್ರವಂತೆ! ಹಾಗಾದರೆ ಶಾಸ್ತ್ರ ಹೇಗೆ ಮಾಡುವುದೆಂದು ನಾನೇ ತೋರಿಸುತ್ತೇನೆ ಅಂದುಕೊಂಡೆ.

ಆ ವಾರವೇ ಯಜಮಾನರ ಕುಲದ ಹಿರಿಯ ಡೊಂಕೊರ್ ಅವರನ್ನೂ ಅಕ್ಕಪಕ್ಕದವರನ್ನೂ ಕರೆಸಿದೆ. ಯಜಮಾನರು ಕುರ್ಚಿಯಲ್ಲಿ ಒರಗಿಕೊಂಡೇ, ಮನೆಯನ್ನು ಯಾರಿಗಾಗಿ ಬಿಟ್ಟಿದ್ದೇನೆಂದು ಬಾಯಿಬಿಟ್ಟು ಹೇಳಿದರು. ನಾನೂ ಪೊಕುವಾಳೂ ಹಸಿರು ಬಾಟಲಿ ಇಟ್ಟು ಉಪಕಾರ ಹೇಳಿದೆವು. ಡೊಂಕೊರ್ ಮೊದಲು ನೆಲಕ್ಕೆ ಹನಿಸಿ ಪೂರ್ವಿಕರನ್ನು ಕರೆದರು, ಆಮೇಲೆ ಒಂದೇ ಲೋಟ ಎಲ್ಲರ ಕೈಗೂ ಸುತ್ತಿತು.

ಅದುಸೆಗೆ ನಾನು ಹೇಳಿಕಳಿಸಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಊಟಕ್ಕೆ ಫುಫು ಮುದ್ದೆ ಕುಟ್ಟುವ ಸದ್ದಿಗೆ ತಾನಾಗಿಯೇ ಬಂದ. ಯಾರ ಮನೆಯಲ್ಲೇ ಆಗಲಿ, ಲೋಟ ಕೈಗೆ ಬಂದರೆ ಇದು ಯಾತಕ್ಕೆ ಎಂದು ಕೇಳಿ ಕುಡಿಯುವುದು ಮರ್ಯಾದೆ. ಇವನು ಕೇಳದೆಯೇ ಗಂಟಲಿಗೆ ಸುರಿದುಕೊಂಡು ಮತ್ತೆ ಕೈ ಚಾಚಿದ.

"ಕೇಳೋ ಇಲ್ಲಿ. ಇದು ಅಜೊವಾ ಇಟ್ಟ ಉಪಕಾರದ ಬಾಟ್ಲಿ" ಎಂದರು ಡೊಂಕೊರ್, ನನ್ನ ಹೆಸರು ಹಿಡಿದು. "ನಿಮ್ಮ ಮಾವ ಈ ಮನೇನ ಅವಳಿಗೂ ಮಗಳಿಗೂ ಬಿಟ್ಟಿದಾನೆ. ಅದಕ್ಕೆ."

"ಯಾತಕ್ಕಾದ್ರೂ ಆಗ್ಲಿ ಹಿರೀಕರೆ, ಲೋಟ ಅರ್ಧ ಯಾಕೆ? ಪೂರ್ತಿ ಹಾಕಿ" ಎಂದ ಅದುಸೆ. ಕೂತವರೆಲ್ಲ ನಕ್ಕರು. ಡೊಂಕೊರ್ ನಗಲಿಲ್ಲ, ಲೋಟ ತುಂಬಿಸಿ ಕೊಟ್ಟರು.

ಮಳೆಗಾಲ ಮುಗಿಯುವ ಮೊದಲೇ ಯಜಮಾನರು ಹೋದರು. ನಾನು ಇನ್ನೂ ಸೂತಕದ ಕಪ್ಪು ಬಟ್ಟೆಯಲ್ಲಿದ್ದೆ, ಅದುಸೆ ಹಿರಿಯರನ್ನೆಲ್ಲ ಕಟ್ಟಿಕೊಂಡು ಅಂಗಳಕ್ಕೆ ಬಂದ. ಜೊತೆಗೆ ಹೊಸ ಬೀಗವನ್ನೂ ತಂದಿದ್ದ. ಇಂಥ ಕೆಲಸಕ್ಕಾದರೆ ಅವನಿಗೆ ಎಲ್ಲಿಲ್ಲದ ಚುರುಕು.

"ಆ ಪತ್ರ ನಿಲ್ಲಲ್ಲ" ಎಂದ. "ಫೋನಲ್ಲಿ ಗೀಚಿದ್ದು ಸಹೀನಾ? ಫೋನ್ ಹಿಡ್ಕೊಂಡಿದ್ದೋನೇ ನಾನು. ಸಾಕ್ಷಿ ಹಾಕ್ದೋನು ಏನೂ ನೋಡಿಲ್ಲ, ಲೈನ್ ಹೋಗಿತ್ತು. ಯಾವ ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ. ಅತ್ತೆ, ಗಂಟುಮೂಟೆ ಕಟ್ಟಿ."

ಲಾಯರಿಗೆ ಪೊಕುವಾ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ನಾನು ಜಗಲಿಯಿಂದ ಇಳಿದೆ.

"ಫೋನಿನ ಕಥೆ ಹಾಳಾಗ್ಲಿ ಬಿಡಪ್ಪ. ಡೊಂಕೊರ್ ಬಂದಿದ್ದ ದಿನ ಈ ಅಂಗಳದಲ್ಲಿ ಏನ್ ಕುಡ್ದೆ? ಅದನ್ನ ಹೇಳು."

ಅದುಸೆ ಬೀಗವನ್ನು ಬೆನ್ನ ಹಿಂದೆ ಸರಿಸಿದ. ಅವನು ಕರೆತಂದ ಹಿರಿಯರಲ್ಲಿ ಡೊಂಕೊರ್ ಕೂಡ ಇದ್ದರು. ಕುಲದ ಹಿರಿಯರಿಲ್ಲದೆ ಯಾರನ್ನೂ ಮನೆ ಬಿಡಿಸಲಾಗದು, ಪಾಪ.

"ಯಾತಕ್ಕೆ ಅಂತ ಹೇಳೇ ಕೊಟ್ಟೆ" ಎಂದರು ಡೊಂಕೊರ್ ಕೋಲೂರಿ ಎದ್ದು. "ಅರ್ಧ ಸಾಲ್ದು ಅಂತ ಪೂರ್ತಿ ಹಾಕಿಸ್ಕೊಂಡ. ಪತ್ರ ಏನಾದ್ರೂ ಆಗ್ಲಿ, ಮನೆ ಕೊಟ್ಟಾಗಿದೆ. ಅದಕ್ಕೆ ಮೊದಲ್ನೇ ಸಾಕ್ಷಿ ಇವ್ನೇ. ಏಳ್ರಪ್ಪ, ಹೋಗೋಣ."

ಹಿರಿಯರು ಎದ್ದರು. ಅದುಸೆ ಬೀಗವನ್ನು ಜೇಬಿಗೆ ತುರುಕಿದ, ಅದು ಹಿಡಿಸದೆ ಅರ್ಧ ಹೊರಗೇ ನೇತಾಡಿತು. ಎಷ್ಟಾದರೂ ಮನೆಗೆ ಬಂದವನು, ಬಿಸಿಲಲ್ಲಿ ಒಣಗಿದ್ದ. ಒಂದು ಲೋಟ ನೀರು ತಂದು ಕೊಟ್ಟೆ.

ಅವನು ಲೋಟವನ್ನು ತುಟಿಯ ತನಕ ಒಯ್ದು ಅಲ್ಲೇ ತಡೆದ.

"ಅತ್ತೆ," ಎಂದ ಮೆಲ್ಲಗೆ, "ಇದು ಯಾತಕ್ಕೆ?"