ಗುರುವಾರಕ್ಕೆ ಮುಂಚಿನ ಊಟ

ಗುರುವಾರ ಬೆಳಿಗ್ಗೆ ಅಕ್ಕನ ನಾಲಿಗೆಯ ಆಪರೇಷನ್ ಎಂದು ನಿಶ್ಚಯವಾಯಿತು. ಗಡ್ಡೆ ಬುಡದವರೆಗೆ ಇಳಿದಿದೆ, ಮುಕ್ಕಾಲು ಪಾಲು ತೆಗೆಯಲೇಬೇಕು, ಆಮೇಲೆ ರುಚಿಯಾಗಲಿ ಮಾತಾಗಲಿ ಈಗಿನ ಹಾಗೆ ಇರುವುದಿಲ್ಲ ಎಂದು ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ತಮ್ಮ ಆ ಕಾಗದವನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟುಕೊಂಡ. ಗುರುವಾರಕ್ಕೆ ಇನ್ನೂ ಒಂಬತ್ತು ದಿನವಿತ್ತು. ಅಷ್ಟರೊಳಗೆ ಅಕ್ಕನಿಗೆ ಒಂದು ಒಳ್ಳೆಯ ಊಟ ಹಾಕಿಸಬೇಕು, ಅದರಲ್ಲಿ ಕೂದಲೆಳೆಯಷ್ಟೂ ಲೋಪ ಇರಬಾರದು ಎಂದು ಬಸ್ಸಿನಲ್ಲಿ ಬರುತ್ತಲೇ ತೀರ್ಮಾನಿಸಿದ. ಅವನ ಕೈಯಲ್ಲಿ ಆಗುವ ಕೆಲಸ ಅದೊಂದೇ ಉಳಿದಿತ್ತು.

"ಏನು ತಿನ್ಬೇಕು ಅನ್ಸುತ್ತೆ ಹೇಳಕ್ಕ," ಎಂದು ಕೇಳಿದ.

"ಸ್ಪೇನ್ ದೇಶದ ಊಟ," ಎಂದಳು ಅವಳು, ಮೊದಲೇ ಯೋಚಿಸಿಟ್ಟುಕೊಂಡವಳ ಹಾಗೆ.

"ನೀನು ಯಾವತ್ತೂ ಅದನ್ನ ತಿಂದೇ ಇಲ್ವಲ್ಲ?"

"ಅದಕ್ಕೇ ಕಣೋ. ಗೊತ್ತಿರೋ ರುಚಿ ಆದ್ರೆ ಅಯ್ಯೋ ಇನ್ನು ಇದಿಲ್ವಲ್ಲ ಅಂತ ತುತ್ತಿಗೊಂದು ಸಲ ಅಳ್ಬೇಕಾಗುತ್ತೆ. ಹೊಸದಾದ್ರೆ ಆ ಗೋಳಿಲ್ಲ. ಆದ್ರೆ ಮಡಿಲಿಗೆ ಬಿಳಿ ಬಟ್ಟೆ ಹೊದಿಸಿ, ಮೂರು ಥರದ ಚಮಚ ಇಟ್ಟು ಹೆದರಿಸೋ ಜಾಗ ಬೇಡ. ಸುಮ್ನೆ ಮನೆ ಚಪ್ಪಲಿ ಹಾಕ್ಕೊಂಡು ಹೋಗಿ ತಿಂದು ಬರೋ ಹಾಗಿರ್ಬೇಕು."

ಅಕ್ಕ ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನ ವಿಚಾರಣೆ ಕೌಂಟರಿನಲ್ಲಿ ಕೂತವಳು. ಗಾಜಿನ ಸಣ್ಣ ಕಿಂಡಿಯಿಂದಾಚೆ ನಿಂತ ಗಾಬರಿಯ ಜನಕ್ಕೆಲ್ಲ ಕೇಳಿಸುವ ಹಾಗೆ ಹೇಳಿ ಹೇಳಿ ಅವಳ ದನಿಗೆ ಒಂದು ಕಸುವು ಬಂದಿತ್ತು. ಮನೆಯಲ್ಲೂ ಅದೇ ದನಿ. ಗಂಡ ತೀರಿಕೊಂಡ ಮೇಲೆ ತಮ್ಮ ಅವಳ ಮನೆಗೇ ಬಂದು ಸೇರಿಕೊಂಡಿದ್ದ. ಹದಿನಾಲ್ಕು ವರ್ಷದಿಂದ ಅಲ್ಲಿ ಮಾತೆಲ್ಲ ಅವಳದು, 'ಹೂಂ' ಮಾತ್ರ ಅವನದು. ಗಡ್ಡೆ ಬಂದ ಮೇಲೆ ಆ ದನಿ ಮೆತ್ತಗಾಗಿತ್ತು, ಮಾತೂ ಸ್ವಲ್ಪ ತೊದಲುತ್ತಿತ್ತು.

ತಮ್ಮ ಲಿಫ್ಟ್ ಮೆಕ್ಯಾನಿಕ್. ಜೊತೆಯ ಕೆಲಸಗಾರರು ಅವನಿಗೆ 'ಗೋಡೆ' ಎಂದು ಹೆಸರಿಟ್ಟಿದ್ದರು. ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಕರೆದರೆ ತಿರುಗುವುದಿಲ್ಲ, ಸೊಕ್ಕು ಎಂದು ಅವರ ಲೆಕ್ಕ. ಸೊಕ್ಕೂ ಇಲ್ಲ ಮಣ್ಣೂ ಇಲ್ಲ. ಕಟ್ಟಡಗಳ ತುದಿಯ ಮೋಟಾರು ಕೋಣೆಗಳಲ್ಲಿ ಇಪ್ಪತ್ತಾರು ವರ್ಷ ಕಳೆದವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಹೋಗಿತ್ತು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಈಚೆಗೆ ಜನ ಬಾಯೊಳಗೇ ಗೊಣಗುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಹಾಯಾಗಿದ್ದ. ಕೇಳಿಸದಿದ್ದರೆ ಎದುರಿನವರ ಮುಖ ನೋಡಿ ತಲೆಯಾಡಿಸಿ 'ಹೌದೌದು' ಎನ್ನುತ್ತಿದ್ದ. ಹತ್ತರಲ್ಲಿ ಎಂಟು ಸಲ ಅದು ನಡೆದುಹೋಗುತ್ತಿತ್ತು.

ಕೆಲಸದಲ್ಲಿ ಅವನದೊಂದು ಹಟವಿತ್ತು. ತಾನು ಹತ್ತಿ ಇಳಿಯದ ಲಿಫ್ಟಿಗೆ ಸಹಿ ಹಾಕಿದವನಲ್ಲ. ಅಕ್ಕನ ಊಟವನ್ನೂ ಹಾಗೆಯೇ ಹಿಡಿದ. ಖಾರ ಕೂಡದು, ಹುಳಿ ಕೂಡದು, ಅಗಿಯುವ ಕಷ್ಟ ಕೊಡಕೂಡದು ಎಂದು ಡಾಕ್ಟರು ಹೇಳಿದ್ದರು. ಕೆಲಸದ ಡೈರಿಯ ಹಿಂದಿನ ಪುಟದಲ್ಲಿ ಗೆರೆ ಎಳೆದು ಅಂಕಣ ಮಾಡಿಕೊಂಡ: ಮೆಟ್ಟಿಲು, ಕುರ್ಚಿ, ಬೆಳಕು, ಮೆದು, ಖಾರ, ಹುಳಿ, ಬಡಿಸುವವರ ಗುಣ. ಆಮೇಲೆ ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಸ್ಪೇನ್ ದೇಶದ ಹೋಟೆಲು ಹುಡುಕಿಕೊಂಡು ಹೊರಟ.

ಮೊದಲನೆಯದು ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿತ್ತು. ಇಪ್ಪತ್ತೆರಡು ಮೆಟ್ಟಿಲು. ಒಳಗೆ ಮಖಮಲ್ಲಿನ ಕುರ್ಚಿ, ಕಾಲು ಹೂತುಹೋಗುವ ಜಮಖಾನ, ಪಿಸುಗುಡುತ್ತಾ ಊಟ ಮಾಡುವ ನಾಲ್ಕೇ ಜನ. ಆರ್ಡರು ಬರೆದುಕೊಳ್ಳುವವನು ಇವನ ಎಣ್ಣೆಗೈ ಕಡೆ ಎರಡು ಸಲ ನೋಡಿದ. ದೊಡ್ಡ ತಟ್ಟೆಯ ನಡುವೆ ಬೆಕ್ಕಿನ ಪಾಲಿನಷ್ಟು ಅನ್ನ ಬಂತು, ಅದೂ ಆರಿತ್ತು. 'ಅಕ್ಕ ಇಲ್ಲಿ ಹೆದರುತ್ತಾಳೆ' ಎಂದು ಬರೆದು ಹೊಡೆದುಹಾಕಿದ. ಎರಡನೆಯದು ಬಸ್ ಡಿಪೋ ಪಕ್ಕದ್ದು. ಸಿಗಡಿಯನ್ನು ಬೆಳ್ಳುಳ್ಳಿ ಎಣ್ಣೆಯಲ್ಲಿ ಕುದಿಕುದಿಯಾಗಿ ತಂದಿಟ್ಟರು. ರುಚಿಯೇನೋ ಇತ್ತು, ಆದರೆ ಅದರಲ್ಲಿದ್ದ ಒಣಮೆಣಸು ಅವನ ಗಟ್ಟಿ ನಾಲಿಗೆಯನ್ನೇ ಚುರುಗುಟ್ಟಿಸಿತು.

ಮೂರನೆಯದು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಸಿಕ್ಕಿತು. ಮೆಟ್ಟಿಲಿಲ್ಲ. ಉದ್ದದ ಕೌಂಟರು, ಅದರ ಮುಂದೆ ಎತ್ತರದ ಸ್ಟೂಲುಗಳು, ಒಳಗೆ ಏಳೆಂಟು ಮೇಜು. ಸಣ್ಣ ಸಣ್ಣ ತಟ್ಟೆಗಳಲ್ಲಿ ತಿಂಡಿ, ಎಲ್ಲರೂ ಎಲ್ಲರ ತಟ್ಟೆಗೂ ಕೈ ಹಾಕಿ ತಿನ್ನುತ್ತಿದ್ದರು. ಸೆರಗಿನ ಹಾಗೆ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ ಮಾಲಕಿ ಇವನ ಎಣ್ಣೆಗೈಯನ್ನು ಕಂಡೂ ಕಾಣದವಳಂತೆ ಕೂರಿಸಿ, ಎರಡು ಬೆರಳು ದಪ್ಪದ ಆಲೂಗಡ್ಡೆ ಆಮ್ಲೆಟ್ಟಿನ ಒಂದು ತುಂಡು ಇಟ್ಟಳು. ಅವನು ಹಲ್ಲು ತಾಗಿಸಲಿಲ್ಲ. ತುಂಡನ್ನು ನಾಲಿಗೆ ಮತ್ತು ಅಂಗುಳದ ನಡುವೆ ಒತ್ತಿ ನೋಡಿದ. ಕರಗಿತು. ಹಳದಿ ಅನ್ನವನ್ನೂ ಹಾಗೆಯೇ ಒತ್ತಿ ನೋಡಿದ. ಅದೂ ಸರಿಯಾಯಿತು. ಪಕ್ಕದವರು ಇವನು ತಿನ್ನುವ ರೀತಿ ನೋಡಿ ಪಾಪ ಹಲ್ಲಿಲ್ಲವೇನೋ ಎಂದುಕೊಂಡರೇನೋ, ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮರುದಿನವೂ ಬಂದ, ಅದರ ಮರುದಿನವೂ ಬಂದ. ಅಕ್ಕನನ್ನು ಕರೆತರುವ ಮಂಗಳವಾರಕ್ಕೆ ಬೆನ್ನಿಗೆ ಆನಿಕೆ ಇರುವ ಕುರ್ಚಿ ಹಾಕಿಸಿಕೊಡಬೇಕೆಂದು ಮಾಲಕಿಗೆ ಹೇಳಿ ಒಪ್ಪಿಸಿದ. ಏಳು ಅಂಕಣಕ್ಕೂ ಟಿಕ್ ಬಿತ್ತು. ಕೊನೆಗೆ ಕೆಳಗೆ ಸಹಿಯನ್ನೂ ಹಾಕಿದ.

ಮಂಗಳವಾರ ಮಧ್ಯಾಹ್ನ ಅಕ್ಕ ಹಸಿರು ಸ್ವೆಟರ್ ಹಾಕಿಕೊಂಡು, ಮನೆಯ ಚಪ್ಪಲಿಯಲ್ಲೇ ಬಂದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಳಗೆಲ್ಲ ನೋಡಿದಳು. ಆಮೇಲೆ ಬಂದು ಕುರ್ಚಿಯಲ್ಲಿ ಕೂತಳು. ಆಮ್ಲೆಟ್ಟು ಬಂತು, ಹಳದಿ ಅನ್ನ ಬಂತು, ಬೆಣ್ಣೆಯಂತೆ ಬೆಂದ ಬಿಳಿ ಕಾಳು ಬಂತು. ಅವನು ಒಂದೊಂದನ್ನೂ ಅವಳ ಮುಂದೆ ಸರಿಸಿ, ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾದವನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ.

ಅಕ್ಕ ಒಂದು ಚೂರು ತಿಂದಳು. ಚಮಚ ಕೆಳಗಿಟ್ಟು ಮುಂದೆ ಬಾಗಿದಳು. ತುಟಿ ಅಲ್ಲಾಡಿತು.

"ಹೌದೌದು," ಎಂದ ಅವನು, ನಗುತ್ತಾ.

ಅವಳು ಅವನನ್ನೇ ನೋಡಿದಳು. ಮತ್ತೊಮ್ಮೆ ತುಟಿ ಅಲ್ಲಾಡಿತು. ಈ ಸಲ ಕತ್ತಿನ ನರ ಉಬ್ಬಿತು.

"ಚೆನ್ನಾಗಿದೆ ಅಲ್ವಾ? ಮೂರು ದಿನ ತಿಂದು ನೋಡೇ ಆರ್ಸಿದ್ದು," ಎಂದ.

ಅಕ್ಕ ತಲೆ ತಗ್ಗಿಸಿದಳು. ಕಣ್ಣಿಂದ ಒಂದು ಹನಿ ತಟ್ಟೆಯ ಅಂಚಿಗೆ ಬಿತ್ತು. ಅವನು ನೋವಾಯಿತೆ, ಖಾರವಿತ್ತೆ ಎಂದು ಗಾಬರಿಯಲ್ಲಿ ಸುತ್ತ ಕಣ್ಣಾಡಿಸಿದ. ಅಡುಗೆಯವನು ಬಾಯಿ ಇಷ್ಟಗಲ ತೆರೆದು ಏನೋ ಕೂಗುತ್ತಿದ್ದ. ಕೌಂಟರಿನ ಮೇಲೆ ಸ್ಟೀಲ್ ತಟ್ಟೆಗಳನ್ನು ಎತ್ತಿ ಕುಕ್ಕುತ್ತಿದ್ದರು. ಮೂಲೆಯ ಟಿವಿಯಲ್ಲಿ ಫುಟ್‌ಬಾಲ್, ಅದರ ಮುಂದೆ ಮೇಜು ಗುದ್ದುತ್ತಿದ್ದ ಆರು ಜನ. ಪಕ್ಕದ ಮೇಜಿನವನು ಒಂದು ಕಿವಿಗೆ ಬೆರಳು ತುರುಕಿಕೊಂಡು ಇನ್ನೊಂದು ಕಿವಿಗೆ ಫೋನು ಒತ್ತಿ ಹಿಡಿದಿದ್ದ. ನಾಲ್ಕು ದಿನ ಬಂದುಹೋದ ಜಾಗದ ಗದ್ದಲವನ್ನು ಅವನು ಆಗ ಮೊದಲ ಸಲ ಕಂಡ, ಅದೂ ಕಣ್ಣಿನಿಂದ.

ಅಕ್ಕನಿಗೆ ಇನ್ನು ಎರಡು ದಿನ ಮಾತಿದೆ. ಆ ಮಾತನ್ನು ತಂದು ಇಂಥ ಸಂತೆಯಲ್ಲಿ ಕೂರಿಸಿದ್ದಾನೆ. ನಾಲಿಗೆ ತಿನ್ನುವುದಕ್ಕೆ ಮಾತ್ರ ಇರುವುದು ಎಂಬ ಹಾಗೆ ಮೆದು ನೋಡಿದ, ಹುಳಿ ನೋಡಿದ, ಮೆಟ್ಟಿಲು ಎಣಿಸಿದ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಎದ್ದು ನೇರ ಮಾಲಕಿಯ ಹತ್ತಿರ ಹೋದ.

"ಅಮ್ಮ, ಬಾಗಿಲು ಹಾಕೋ ಅಂಥ ಕೋಣೆ ಯಾವುದಾದ್ರೂ ಇದ್ಯಾ? ನಮ್ಮಕ್ಕ ಏನೋ ಹೇಳ್ಬೇಕು ಅಂತಿದ್ದಾಳೆ. ನಂಗೆ ಕಿವಿ ಕೇಳ್ಸಲ್ಲ."

ಇಷ್ಟು ವರ್ಷ ಯಾರಿಗೂ ಹೇಳದ ಮಾತು ಅದು. ನಾಲ್ಕು ದಿನದ ಪರಿಚಯವಷ್ಟೇ ಇದ್ದ ಹೆಂಗಸಿನ ಮುಂದೆ ಬಾಯಿಬಿಟ್ಟ. ಅವಳು ಅಕ್ಕನ ಕಡೆ ಒಮ್ಮೆ ನೋಡಿದಳು. ಮೇಜಿನ ಮೇಲಿದ್ದ ತಟ್ಟೆಗಳನ್ನು ತಾನೇ ಎತ್ತಿಕೊಂಡು ಮುಂದೆ ನಡೆದಳು.

ಅದು ಸಾಮಾನು ಕೋಣೆ. ಈರುಳ್ಳಿ ಮೂಟೆ, ಎಣ್ಣೆಯ ಡಬ್ಬ, ಒಂದು ಪುಟ್ಟ ಕಿಟಕಿ. ತಲೆಕೆಳಗು ಮಾಡಿದ ಎರಡು ಕ್ರೇಟಿನ ಮೇಲೆ ಕೂರಿಸಿ ಮಾಲಕಿ ಬಾಗಿಲು ಎಳೆದುಕೊಂಡು ಹೋದಳು. ತಮ್ಮ ತನ್ನ ಕ್ರೇಟನ್ನು ಸರಿಸಿ ಬಲಗಿವಿ ಅಕ್ಕನ ಕಡೆಗೆ ಬರುವಂತೆ ಕೂತ.

"ಈಗ ಹೇಳು."

"ಹೆದರಿಕೆ ಆಗ್ತಿದೆ ಕಣೋ," ಎಂದಳು ಅಕ್ಕ. "ಅಷ್ಟೇ. ಎಲ್ರೂ ಧೈರ್ಯವಾಗಿರು, ಧೈರ್ಯವಾಗಿರು ಅಂತಾರೆ. ನಾನೂ ಹೂಂ ಅಂತೀನಿ. ಇದೊಂದನ್ನ ಯಾರ ಹತ್ರಾನಾದ್ರೂ ನನ್ನ ಬಾಯಿಂದ್ಲೇ ಹೇಳ್ಬೇಕಿತ್ತು. ಆಮೇಲೆ ಚೀಟೀಲಿ ಬರೆದು ತೋರ್ಸೋ ಮಾತಲ್ಲ ಇದು."

'ಏನೂ ಆಗಲ್ಲ ಬಿಡಕ್ಕ' ಎಂಬುದು ಅವನ ಗಂಟಲವರೆಗೂ ಬಂತು. ನುಂಗಿಕೊಂಡ.

"ನಂಗೂ ಹೆದರಿಕೆ," ಎಂದ. "ಈ ಕಿವಿ ಹೋಗ್ತಾ ಬಂದು ಆರೇಳು ವರ್ಷ ಆಯ್ತು. ಎಡಗಡೇದು ಪೂರ್ತಿ ಹೋಗಿದೆ. ಮನೇಲಿ ನಿನ್ನ ದನಿ ಒಂದು ಕೇಳುತ್ತಲ್ಲ, ಸಾಕು ಅಂತ ಯಾವ ಡಾಕ್ಟ್ರ ಹತ್ರಾನೂ ಹೋಗ್ಲಿಲ್ಲ. ಇನ್ನು ಆ ಮನೇಲಿ ನಾನು ಹ್ಯಾಗಿರ್ಲಿ ಅಕ್ಕ?"

ಅಕ್ಕ ಅವನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ಹೊರಗೆ ಯಾರೋ ಗೋಲು ಹೊಡೆದಿರಬೇಕು, ಬಾಗಿಲು ಅದುರಿತು.

ಆಮೇಲೆ ಅಕ್ಕ ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡು ತಟ್ಟನೆ ಅವನ ಕಡೆ ತಿರುಗಿದಳು.

"ಆರೇಳು ವರ್ಷವಾ?" ಎಂದಳು. "ಆರೇಳು ವರ್ಷದಿಂದ ಕಿವಿ ಕೇಳದೆ ಆ ಲಿಫ್ಟಿನ ಗುಂಡಿಗೆ ಇಳೀತಿದ್ದೀಯಾ? ಮೇಲಿಂದ ಯಾರಾದ್ರೂ ಸ್ವಿಚ್ ಹಾಕಿ ಕೂಗಿದ್ರೆ ಏನು ಮಾಡ್ತಿದ್ದೆ? ಬುದ್ಧಿ ಇದ್ಯೇನೋ ನಿಂಗೆ? ನಾಳೆ ಬೆಳಿಗ್ಗೆ ಎದ್ದವನು ಮೊದಲು ಕಿವಿ ಡಾಕ್ಟ್ರ ಹತ್ರ ಹೋಗ್ತೀಯ, ಗೊತ್ತಾಯ್ತಾ? ನಾನೇ ಕರ್ಕೊಂಡು ಹೋಗ್ತೀನಿ. ಅಷ್ಟು ದೊಡ್ಡವನಾಗಿದ್ದೀಯ, ಒಂದು ಮಾತು ಹೇಳಕ್ಕೆ ನಿಂಗೇನು ಬಂದಿತ್ತು ರೋಗ..."

ನಾಲಿಗೆ ನೋಯುತ್ತಿತ್ತು, ನಡುವೆ ನಿಲ್ಲಿಸಿ ಕೆನ್ನೆ ಒತ್ತಿಕೊಂಡಳು. ಆಮ್ಲೆಟ್ಟಿನ ಒಂದು ತುಂಡು ಬಾಯಿಗಿಟ್ಟುಕೊಂಡು ನುಂಗಿ ಮತ್ತೆ ಶುರು ಮಾಡಿದಳು. ಕೌಂಟರಿನ ಆ ಹಳೆಯ ದನಿಯಲ್ಲಿ, ತೊದಲುತ್ತಲೇ, ಚಿಕ್ಕಂದಿನಿಂದ ಅವನು ಮುಚ್ಚಿಟ್ಟ ಒಂದೊಂದು ಸಂಗತಿಯನ್ನೂ ಎತ್ತಿ ಆಡಿ ಬೈದಳು. ತಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡ. ಉತ್ತರ ಕೊಟ್ಟರೆ ಎಲ್ಲಿ ಅವಳು ನಿಲ್ಲಿಸಿಬಿಡುತ್ತಾಳೋ ಎಂದು, 'ಹೂಂ' ಕೂಡ ಅನ್ನಲಿಲ್ಲ.