ಅತ್ತೆಯ ಬಲೆ

ಟಪ್ ಎಂದಿತು. ಯಂತ್ರದ ಮುಳ್ಳು ಇನ್ನೂ ಅರ್ಧಕ್ಕೂ ಏರಿರಲಿಲ್ಲ, ಉಕ್ಕಿನ ಗುಂಡು ಆಗಲೇ ಬಲೆಯನ್ನು ಹರಿದುಕೊಂಡು ಈಚೆ ಬಂದಿತ್ತು. ಲ್ಯಾಬಿನಲ್ಲಿ ಯಂತ್ರದ ಮುಂದೆ ಕುಳಿತಿದ್ದವಳು ಗಕ್ಕನೆ ಗುಂಡಿ ಒತ್ತಿ ಅದನ್ನು ನಿಲ್ಲಿಸಿದಳು.

ಹರ್ನಿಯಾ ಆದವರ ಹೊಟ್ಟೆಗೆ ಡಾಕ್ಟರು ಒಳಗೆ ತೇಪೆ ಹಾಕುವ ಬಲೆ ಅದು. ಎರಡು ಉಂಗುರಗಳ ನಡುವೆ ಬಿಗಿದು, ಕೆಳಗಿನಿಂದ ಗುಂಡು ಒತ್ತಿ, ಎಷ್ಟಕ್ಕೆ ಹರಿಯುತ್ತದೆಂದು ನೋಡುವುದು ಅವಳ ಕೆಲಸ. ಬಲೆ ಹರಿದರೆ ಹೆದರುವವಳಲ್ಲ, ಹರಿಯುವುದಕ್ಕೇ ಸಂಬಳ. ಆದರೆ ಇಷ್ಟು ಬೇಗ ಹರಿಯಬಾರದು. ಅದರಲ್ಲೂ ಈ ಬ್ಯಾಚು. ಮಾರಾಟಕ್ಕೆ ಹೋದ ಬ್ಯಾಚಿನಲ್ಲಿ ಎತ್ತಿಟ್ಟ ತುಂಡುಗಳನ್ನು ಆಗಾಗ ಮತ್ತೆ ಪರೀಕ್ಷಿಸುವುದು ವಾಡಿಕೆ, ಮತ್ತು ಹೋದ ತಿಂಗಳು ಅತ್ತೆಯ ಹೊಟ್ಟೆ ಸೇರಿದ್ದು ಇದೇ ಬ್ಯಾಚಿನ ಬಲೆ. "ನಮ್ಮ ಕಂಪನಿದೇ ಹಾಕಿ ಡಾಕ್ಟ್ರೇ, ನಾನೇ ಪರೀಕ್ಷೆ ಮಾಡೋದು" ಎಂದು ಆಸ್ಪತ್ರೆಯಲ್ಲಿ ಜಂಬ ಕೊಚ್ಚಿಕೊಂಡವಳೂ ಅವಳೇ.

ಬಲೆಯನ್ನು ಬೆಳಕಿಗೆ ಹಿಡಿದಳು. ಇಷ್ಟು ಬೇಗ ನಡುವೆ ಹರಿದಿದ್ದರೆ ಬಲೆಯದೇ ತಪ್ಪು. ಅಂಚಿನಲ್ಲಿ ಹರಿದಿದ್ದರೆ ಉಂಗುರ ಕಚ್ಚಿ ಕತ್ತರಿಸಿದ್ದು, ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಅಂಚಿನಲ್ಲೇ ಹರಿದಂತೆ ಕಂಡಿತು. ಕಂಡಿತೋ, ಹಾಗೆ ಕಾಣಲಿ ಎಂದು ಆಸೆಪಟ್ಟಳೋ? ತನ್ನ ಕಣ್ಣು ಇವತ್ತು ಅತ್ತೆಯ ಪಕ್ಷ ಎಂದು ಅವಳಿಗೆ ಗೊತ್ತಿತ್ತು.

ಪಕ್ಕದ ಮೇಜಿನ ಹಿರಿಯರಿಗೆ ಲ್ಯಾಬಿನವರು ಇಟ್ಟ ಹೆಸರು ಅನುಮಾನಪ್ಪ. ಬೀಗ ಹಾಕಿದ ಮೇಲೂ ಮತ್ತೆ ಮತ್ತೆ ಜಗ್ಗಿ ನೋಡುವ ಆಸಾಮಿ.

"ಸಾರ್, ಇದು ಎಲ್ಲಿ ಹರಿದಿದೆ ನೋಡಿ ಹೇಳಿ." ಅತ್ತೆಯ ಸುದ್ದಿ ಎತ್ತಲಿಲ್ಲ.

ಅವರು ಭೂತಗನ್ನಡಿ ಹಿಡಿದರು, ಬಲೆಯನ್ನು ತಿರುಗಿಸಿದರು, ಮೂಗು ಸಿಂಡರಿಸಿದರು.

"ಏನಮ್ಮ, ಪಾಪ ಬಲೆ ಮೇಲೆ ಗೂಬೆ ಕೂರಿಸ್ತಿದೀಯಾ? ಅಂಚಲ್ಲಿ ಕೊಯ್ದಿದೆ. ಉಂಗುರದ ರಬ್ಬರು ನೋಡು, ಪೂರಾ ಸವೆದು ಕಬ್ಬಿಣ ಹಲ್ಲು ಕಿರೀತಾ ಇದೆ."

ಹೊಸ ರಬ್ಬರು ಹಾಕಿ ಹೊಸ ತುಂಡು ಬಿಗಿದರು. ಗುಂಡು ಏರಿತು. ಬಲೆ ಉಬ್ಬಿತು, ಹರಿಯಲಿಲ್ಲ. ಮುಳ್ಳು ಮೊದಲಿನ ಜಾಗ ದಾಟಿತು, ಕಂಪನಿಯ ಕನಿಷ್ಠ ಮಿತಿಯನ್ನೂ ದಾಟಿತು, ಆಮೇಲೆಷ್ಟೋ ಹೊತ್ತಿಗೆ ಬಲೆ ನಟ್ಟನಡುವೆ ಬಿಟ್ಟುಕೊಂಡಿತು. ಅನುಮಾನಪ್ಪ ಅಷ್ಟಕ್ಕೆ ಬಿಡುವವರೇ? ಉಳಿದ ತುಂಡುಗಳನ್ನೆಲ್ಲ ಹರಿದು ನೋಡಿದರು. ಎಲ್ಲವೂ ಹಾಗೆಯೇ ಗಟ್ಟಿ. ಅವಳಿಗೆ ಹೋದ ಜೀವ ಬಂದಂತಾಯಿತು.

ಹೊರಗೆ ಮೆಟ್ಟಿಲ ಮೇಲೆ ಕುಳಿತು ಮನೆಗೆ ಫೋನ್ ಮಾಡಿದಳು. ಆಪರೇಷನ್ ಆದಾಗಿನಿಂದ ಅತ್ತೆ ಹೊಟ್ಟೆ ಹಿಡಿದುಕೊಂಡೇ ಓಡಾಡುತ್ತಿದ್ದರು. ಡಾಕ್ಟರು ಪರವಾಗಿಲ್ಲ ಎಂದರೂ ಬಂದ ಕೆಮ್ಮನ್ನು ನುಂಗಿಬಿಡುತ್ತಿದ್ದರು.

"ಅತ್ತೆ, ಒಂದ್ಸಲ ಜೋರಾಗಿ ಕೆಮ್ಮಿ."

"ತಲೆ ಕೆಟ್ಟಿದ್ಯೇನೇ ನಿಂಗೆ? ಒಳಗಿರೋದು ಕಿತ್ಕೊಂಡ್ ಬಂದ್ರೆ?"

"ಬರಲ್ಲ ಅತ್ತೆ. ಈಗ್ತಾನೆ ನೋಡ್ಕೊಂಡ್ ಬಂದೆ. ಕೆಮ್ಮಿ."

ಆಮೇಲೆ ಒಂದು ಸಣ್ಣ, ಅಳುಕಿನ ಕೆಮ್ಮು.

"ಏನೂ ಆಗ್ಲಿಲ್ವಲ್ಲೇ!"

ಅವಳು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಇನ್ನೊಂದು ಕೆಮ್ಮು ಕೇಳಿಸಿತು, ಈ ಸಲ ಮನೆಯೆಲ್ಲ ತುಂಬುವ ಹಾಗೆ.