ಬೆಳಕಿಲ್ಲದೆ ನಿಂತ ಕೈ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ‘ದೀಪದಕ್ಕ’ ಎಂದೇ ಕರೆಯುತ್ತಿದ್ದರು. ಇಲಿಯ ಮಿದುಳಿನ ಮೇಲ್ಪದರದಿಂದ ಬೆನ್ನುಹುರಿಗೆ ಇಳಿಯುವ ನರಗಳನ್ನು, ಬೆಳಕು ಬಿದ್ದೊಡನೆ ಬಾಯಿ ಮುಚ್ಚುವಂತೆ ಮಾರ್ಪಡಿಸಿ, ಕೂದಲಿನಂಥ ಗಾಜಿನ ಎಳೆಯಿಂದ ಬೆಳಕು ಹಾಯಿಸುವುದು ಅವಳ ಕಸುಬು. ಇಲಿ ಗೂಡಿನ ಕಿಂಡಿಯಿಂದ ಕೈ ಚಾಚಿ ಕಾಳಿಗೆ ಹೊರಡುತ್ತದೆ. ಇವಳು ದೀಪದ ಗುಂಡಿ ಒತ್ತುತ್ತಾಳೆ. ಚಾಚಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಕೈ ಚಾಚುವ ಅಪ್ಪಣೆ ಬರುವುದೇ ಈ ದಾರಿಯಲ್ಲಿ ಎಂದು ಅವಳು ಬರೆದ ಲೇಖನ ಹೆಸರಾಂತ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅತ್ತೆಯಂತೂ ಹಾಲಿನವನನ್ನೂ ಬಿಡದೆ, "ನಮ್ಮ ಸೊಸೆ ದೀಪ ಹಾಕಿ ಇಲಿ ನಿಲ್ಲಿಸ್ತಾಳೆ. ನನ್ನ ಅಡುಗೆಮನೇಲಿ ಮಾತ್ರ ಒಂದೂ ನಿಲ್ಲಲ್ಲ!" ಎಂದು ಕೊಚ್ಚಿಕೊಳ್ಳುತ್ತಿದ್ದರು.

ಅಂದು ಬೆಳಿಗ್ಗೆಯೂ ಗುಂಡಿ ಒತ್ತಿದಳು, ಕೈ ನಿಂತಿತು. ಎಲ್ಲ ಮುಗಿಸಿ ಎಳೆ ಬಿಚ್ಚಲು ಬಗ್ಗಿದವಳು ಬಗ್ಗಿದಲ್ಲೇ ಕಲ್ಲಾದಳು. ಗಾಜಿನ ಎಳೆ ದೀಪದ ಪೆಟ್ಟಿಗೆಯ ಬಳಿಯೇ ತುಂಡಾಗಿತ್ತು. ಬೆಳಕು ಇಲಿಯ ತಲೆಯನ್ನು ಮುಟ್ಟಿಯೇ ಇರಲಿಲ್ಲ.

ಎಳೆಯನ್ನು ಹಾಗೆಯೇ ಬಿಟ್ಟು, ಇಲಿ ಕೈ ಚಾಚುವವರೆಗೆ ಕಾದು, ಮತ್ತೆ ಒತ್ತಿದಳು. ಟಕ್. ಕೈ ನಿಂತಿತು. ಓಡಿಹೋಗಿ ಮೇಷ್ಟ್ರನ್ನು ಕರೆತಂದಳು. ಅವರು ಅವಳ ಮಾರ್ಗದರ್ಶಕರು. ಲೇಖನದಲ್ಲಿ ಅವರ ಹೆಸರೂ ಇತ್ತು.

"ಏನಮ್ಮ, ಮುಖ ಹೀಗೆ ಬಿಳುಚ್ಕೊಂಡಿದೆ?"

"ದೀಪಾನೇ ಇಲ್ಲ, ಮೇಷ್ಟ್ರೇ. ಆದ್ರೂ ನಿಲ್ತಿದೆ. ನೀವೇ ಒತ್ತಿ ನೋಡಿ."

ಅವರು ಒತ್ತಿದರು. ಟಕ್. ಕೈ ಮತ್ತೆ ನಿಂತಿತು. "ಇದು ಗುಂಡಿ ಸದ್ದಿಗೆ ನಿಲ್ತಿದೆಯಲ್ಲೇ! ಆದ್ರೆ ಮಾರ್ಪಾಟು ಮಾಡದ ಇಲಿಗಳಿಗೂ ಇದೇ ಗುಂಡಿ ಒತ್ತಿದ್ವಲ್ಲ? ಅವು ನಿಲ್ಲಲಿಲ್ಲ."

ಅವಳು ಆಗಲೇ ಹೊಸ ಎಳೆ ಹುಡುಕುತ್ತಿದ್ದಳು.

ಹೊಸ ಎಳೆ ಜೋಡಿಸಿ, ಸದ್ದು ಮಾಡದ ಗುಂಡಿ ಹಾಕಿದರು. ಇಲಿ ಕೈ ಚಾಚಿತು. ಬೆಳಕು ಹೊತ್ತಿತು. ಕೈ ನಿಲ್ಲಲೇ ಇಲ್ಲ. ನೆಟ್ಟಗೆ ಕಾಳಿನ ಮೇಲೆ ಹೋಯಿತು. ಅವಳು ಆ ಸರದಿಯ ವಿಡಿಯೊವನ್ನು ನಿಧಾನಗತಿಯಲ್ಲಿ ಹಾಕಿ ಕಣ್ಣು ಕಿತ್ತುಬರುವಂತೆ ನೋಡಿದಳು.

"ಬೆರಳು ನೋಡಿ!" ಎಂದು ಕಿರುಚಿದಳು.

ಕೈ ಕಾಳನ್ನು ಮುಟ್ಟಿತ್ತು, ಆದರೆ ಬೆರಳುಗಳು ಬಿಚ್ಚಿಕೊಂಡಿರಲಿಲ್ಲ. ಮುದುಡಿದ ಮುಷ್ಟಿ ತಾಕಿ ಕಾಳು ಉರುಳಿಹೋಗಿತ್ತು. ಮತ್ತೆ ಮತ್ತೆ ಬೆಳಕು ಹಾಯಿಸಿ ನೋಡಿದರು. ಪ್ರತಿ ಸಲವೂ ಅದೇ.

"ಬೆಳಕು ಬಿದ್ದಾಗೆಲ್ಲ ಕಾಳು ಕೈ ತಪ್ಪಿದೆ," ಎಂದಳು ಅವಳು. "ಟಕ್ ಅಂದ್ರೆ ಇನ್ನು ಸಿಗಲ್ಲ ಅಂತ ಇದು ಕಲ್ತುಬಿಟ್ಟಿದೆ. ಮಾರ್ಪಾಟು ಮಾಡದ ಗುಂಪಿಗೆ ಬೆಳಕು ಏನೂ ಮಾಡಲ್ಲ, ಅವಕ್ಕೆ ಟಕ್ ಅಂದ್ರೂ ಕಾಳು ಸಿಗ್ತಿತ್ತು, ಅವು ಯಾಕೆ ನಿಲ್ತಾವೆ? ನಾವು ಕೈ ನಿಲ್ಲಿಸ್ಲೇ ಇಲ್ಲ, ಮೇಷ್ಟ್ರೇ. ಅದೇ ನಿಲ್ಲಿಸ್ಕೊಳ್ತಿತ್ತು."

ಮೇಷ್ಟ್ರು ವಿಡಿಯೊ ನಿಲ್ಲಿಸಿದರು. "ಸ್ವಲ್ಪ ದಿನ ಸುಮ್ಮನಿರೋಣ್ವಾ?"

"ಎಷ್ಟು ಜನ ನಮ್ಮನ್ನ ನಂಬಿ ಕೆಲಸ ಶುರು ಮಾಡಿದ್ದಾರೆ! ಹೇಗೆ ಸುಮ್ಮನಿರೋದು?"

ಆ ವಾರವೇ ಲೇಖನವನ್ನು ವಾಪಸು ಪಡೆದರು. ಅಭಿನಂದಿಸಿದ್ದ ಕೆಲವರು ಕಾರಿಡಾರಿನಲ್ಲಿ ಮುಖ ತಿರುಗಿಸಿದರು. ಬೆರಳುಗಳನ್ನು ಬಿಚ್ಚಿಸುವ ಅಪ್ಪಣೆಯ ಮೇಲೆ ಇಬ್ಬರೂ ಅ ಆ ಇ ಈಯಿಂದ ಕೆಲಸ ಶುರುಮಾಡಿದರು. ತಾನು ಅಷ್ಟು ದಿನ ಗಂಟಲು ಹರಿದುಕೊಂಡು ವಿವರಿಸಿದ್ದು ಇಲಿಯೊಂದು ಸ್ವಂತ ಬುದ್ಧಿಯಿಂದ ತೆಗೆದುಕೊಂಡ ತೀರ್ಮಾನವನ್ನು ಎಂಬುದು ನೆನಪಾದಾಗಲೆಲ್ಲ ಅವಳು ಮಾತಿನ ನಡುವೆಯೇ ಥಟ್ಟನೆ ಸುಮ್ಮನಾಗುತ್ತಿದ್ದಳು.